ಕಡಲ ತಳದ ಹದಿನೆಂಟು ಮರಗಳು

ಸಮುದ್ರದಿಂದ ಗ್ಯಾಸ್ ತೆಗೆಯುವ ಕೆಲಸ ಎಂದೊಡನೆ ನಮ್ಮ ಜನರ ಕಣ್ಣ ಮುಂದೆ ಬರುವುದು ಬಾಂಬೆ ಹೈ. ನೀರಿನಿಂದ ಎದ್ದು ನಿಂತ ಕಬ್ಬಿಣದ ಕಾಲುಗಳು, ಅವುಗಳ ಮೇಲೆ ಕಟ್ಟಡದಷ್ಟು ದೊಡ್ಡ ಪ್ಲಾಟ್‌ಫಾರ್ಮ್, ಒಂದು ಬದಿಯಲ್ಲಿ ಹಗಲಿರುಳು ಉರಿಯುವ ಜ್ವಾಲೆ, ಬಂದು ಹೋಗುವ ಹೆಲಿಕಾಪ್ಟರ್. ನಮ್ಮ ಕಾಲದ ಶಾಲಾ ಮಕ್ಕಳಿಗೆಲ್ಲ 'ಸಾಗರ್ ಸಮ್ರಾಟ್' ಎಂಬ ಹೆಸರು ಬಾಯಿಪಾಠವಾಗಿತ್ತು. ಹಾಗಾಗಿ 2008ರಲ್ಲಿ ನಾನು ಕಾಕಿನಾಡಕ್ಕೆ ಹೊರಟಾಗ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು. "ತಿಂಗಳುಗಟ್ಟಲೆ ಸಮುದ್ರದ ನಡುವೆ ಇರಲಿಕ್ಕೆ ಹೆದರಿಕೆ ಆಗುದಿಲ್ವಾ?" ಉಮ್ಮನಿಗಂತೂ ಅಲ್ಲಿಯ ಚಂಡಮಾರುತದ್ದೇ ಚಿಂತೆ.

ಆದರೆ ನಾನು ಕೆಲಸ ಮಾಡಿದ ಆ ಅನಿಲ ಕ್ಷೇತ್ರದ ಮೇಲೆ ದೋಣಿಯಲ್ಲಿ ಹೋದರೆ ನೋಡಲಿಕ್ಕೆ ಏನೂ ಇಲ್ಲ. ಬರೀ ನೀರು. ಬಾವಿಗಳು, ವಾಲ್ವ್‌ಗಳು, ಪೈಪುಗಳು ಎಲ್ಲವೂ ಕಿಲೋಮೀಟರಿನಷ್ಟು ಆಳದಲ್ಲಿ, ಸೂರ್ಯನ ಬೆಳಕು ಎಂದೂ ತಲುಪದ ಕತ್ತಲಲ್ಲಿ, ಕೆಸರಿನ ಮೇಲೆ ಕೂತಿವೆ. ಅವುಗಳನ್ನು ತೆರೆಯುವ, ಮುಚ್ಚುವ ಮನುಷ್ಯ ದೂರದ ದಡದಲ್ಲಿ ಹವಾನಿಯಂತ್ರಿತ ಕೋಣೆಯೊಳಗೆ ಚಹಾ ಕುಡಿಯುತ್ತಾ ಕೂತಿರುತ್ತಾನೆ. ಇದನ್ನು ವಿವರಿಸಿದರೂ ಊರಲ್ಲಿ ಯಾರೂ ನಂಬಲಿಲ್ಲ. ನಂಬದಿದ್ದದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ದೇಶದಲ್ಲಿ ಇಷ್ಟು ಆಳದಿಂದ ಅನಿಲ ತೆಗೆಯುವ ಕೆಲಸ ನಡೆದದ್ದು ಅದೇ ಮೊದಲು.

ನಾನು ಇಂಜಿನಿಯರ್ ಅಲ್ಲ. ಡಿಪ್ಲೊಮಾ ಮುಗಿಸಿ ಏಳು ವರ್ಷ ಸೌದಿಯ ಜುಬೈಲ್‌ನಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್ ಆಗಿದ್ದವನು. ಊರಿಗೆ ಮರಳಿ ಆರು ತಿಂಗಳು ಕೈಕಟ್ಟಿ ಕೂತ ಮೇಲೆ, ಗುತ್ತಿಗೆದಾರರ ಕೈಕೆಳಗಿನ ಸಣ್ಣ ಗುತ್ತಿಗೆದಾರರೊಬ್ಬರ ಮೂಲಕ ಸಿಕ್ಕಿದ್ದು ಈ ಕೆಲಸ. ಹಾಗಾಗಿ ನಾನು ಬರೆಯುತ್ತಿರುವುದು ಸ್ಪ್ಯಾನರ್ ಹಿಡಿದವನ ಎತ್ತರದಿಂದ ಕಂಡದ್ದನ್ನು. ಮೇಲಿನ ಲೆಕ್ಕಾಚಾರ, ಜಗಳ, ವ್ಯಾಜ್ಯಗಳೆಲ್ಲ ಆಮೇಲೆ ಪತ್ರಿಕೆಗಳಲ್ಲಿ ಬಂದು ದೇಶಕ್ಕೆಲ್ಲ ಗೊತ್ತಾದವು.

ಆಂಧ್ರದ ಕರಾವಳಿಯಾಚೆ, ಕೃಷ್ಣಾ–ಗೋದಾವರಿ ನದಿಗಳು ಸಮುದ್ರ ಸೇರುವ ಕಡೆ, 7,645 ಚದರ ಕಿಲೋಮೀಟರ್ ವಿಸ್ತಾರದ ಒಂದು ಬ್ಲಾಕ್. ಸರಕಾರಿ ಕಾಗದಗಳಲ್ಲಿ ಕೆಜಿ-ಡಿಡಬ್ಲ್ಯುಎನ್-98/3, ಜನರ ಬಾಯಲ್ಲಿ ಕೆಜಿ-ಡಿ6. ಖಾಸಗಿಯವರಿಗೆ ತೈಲ ಶೋಧನೆಯನ್ನು ತೆರೆದ ಹೊಸ ನೀತಿಯ ಮೊದಲ ಸುತ್ತಿನಲ್ಲೇ ಇದು ಹರಾಜಾಗಿ, 2000ರಲ್ಲಿ ಒಪ್ಪಂದವಾಯಿತು. ರಿಲಯನ್ಸ್‌ಗೆ ಶೇಕಡಾ 90, ಕೆನಡಾದ ನೈಕೊ ಕಂಪೆನಿಗೆ ಶೇಕಡಾ 10. 2002ರ ಅಕ್ಟೋಬರಿನಲ್ಲಿ ಅನಿಲ ಸಿಕ್ಕಿತೆಂಬ ಸುದ್ದಿ ಬಂತು. ಆ ವರ್ಷ ಜಗತ್ತಿನಲ್ಲೇ ಸಿಕ್ಕ ಅತಿ ದೊಡ್ಡ ಅನಿಲ ನಿಕ್ಷೇಪ ಎಂದು ಪತ್ರಿಕೆಗಳು ಬರೆದವು. ಕ್ಷೇತ್ರಗಳಿಗೆ ಧೀರೂಭಾಯಿ-1, ಧೀರೂಭಾಯಿ-3 ಎಂದು ಹೆಸರಿಟ್ಟರು.

ಸಮಸ್ಯೆ ಆಳದ್ದು. ಬಾಂಬೆ ಹೈಯಲ್ಲಿ ನೀರಿನ ಆಳ ನೂರು ಮೀಟರಿಗಿಂತ ಕಡಿಮೆ. ಅಲ್ಲಿ ಕಬ್ಬಿಣದ ಕಾಲೂರಿ ನಿಲ್ಲಬಹುದು. ಜಗತ್ತಿನಲ್ಲಿ ಅಂಥ ಕಾಲೂರಿ ನಿಂತ ಮಾಮೂಲಿ ಪ್ಲಾಟ್‌ಫಾರ್ಮ್‌ಗಳಲ್ಲಿ ಅತಿ ಎತ್ತರದ್ದೆಂದು ಹೆಸರಾದದ್ದು ಮೆಕ್ಸಿಕೊ ಕೊಲ್ಲಿಯ ಬುಲ್‌ವಿಂಕಲ್. ಅದೂ ನಿಂತಿದ್ದು ಸುಮಾರು 412 ಮೀಟರ್ ನೀರಿನಲ್ಲಿ. ಡಿ6ರ ಬಾವಿಗಳಿದ್ದದ್ದು 1,200 ಮೀಟರಿನವರೆಗಿನ ಆಳದಲ್ಲಿ. ಅಲ್ಲಿ ಕಾಲೂರುವ ಮಾತೇ ಇಲ್ಲ. ಹಾಗಾದರೆ ಉಳಿಯುವುದು ಒಂದೇ ದಾರಿ. ಬಾವಿಯ ಬಾಯಿಯನ್ನೂ ಅದರ ನಲ್ಲಿಗಳನ್ನೂ ಸಮುದ್ರದ ತಳದಲ್ಲೇ ಬಿಟ್ಟು, ಅನಿಲವನ್ನು ಪೈಪಿನಲ್ಲಿ ದಡಕ್ಕೆ ಎಳೆದು ತರುವುದು. ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ಎರಿ ಸರೋವರದಲ್ಲಿ 1943ರಲ್ಲೇ ನೀರಿನಡಿ ಅನಿಲ ಬಾವಿಯೊಂದನ್ನು ಹೀಗೆ ಕೂರಿಸಿದ್ದರು. ಅಲ್ಲಿ ಮುಳುಗುಗಾರನೊಬ್ಬ ಇಳಿದು ಕೈಯಿಂದ ವಾಲ್ವ್ ತಿರುಗಿಸಬಹುದಿತ್ತು. 1997ರ ಹೊತ್ತಿಗೆ ಮೆಕ್ಸಿಕೊ ಕೊಲ್ಲಿಯ ಮೆನ್ಸಾ ಕ್ಷೇತ್ರದಲ್ಲಿ ಶೆಲ್ ಕಂಪೆನಿ ಸುಮಾರು 1,600 ಮೀಟರ್ ಆಳದ ಬಾವಿಗಳಿಂದ ನೂರು ಕಿಲೋಮೀಟರ್ ಆಚೆಗೆ ಅನಿಲ ಹರಿಸಿ ತೋರಿಸಿತು. ಆ ಆಳಕ್ಕೆ ಮನುಷ್ಯ ಇಳಿಯಲಾರ. ಇಳಿಯುವುದು ಹಗ್ಗ ಕಟ್ಟಿದ ಯಂತ್ರ.

ಬಾವಿಯ ಬಾಯಿಗೆ ಕೂರಿಸುವ ವಾಲ್ವ್‌ಗಳ ಕಟ್ಟಿಗೆ 'ಕ್ರಿಸ್ಮಸ್ ಟ್ರೀ' ಎಂದು ಹೆಸರು. ಹಳೆಯ ಕಾಲದಲ್ಲಿ ನೆಲದ ಮೇಲಿನ ಬಾವಿಗಳ ಬಾಯಲ್ಲಿ ಕೊಂಬೆಕೊಂಬೆಯಾಗಿ ಚಾಚಿಕೊಂಡ ವಾಲ್ವ್‌ಗಳು, ಅವುಗಳಿಗೆ ತೂಗಿದ ಗೇಜುಗಳು ಅಲಂಕರಿಸಿದ ಮರದಂತೆ ಕಂಡದ್ದರಿಂದ ಬಂದ ಹೆಸರಂತೆ. ಸಮುದ್ರ ತಳದ ಮರಕ್ಕೆ ಆ ಅಂದವೇನೂ ಇಲ್ಲ. ಹಳದಿ ಬಣ್ಣ ಬಳಿದ ಕಬ್ಬಿಣದ ಪಂಜರದೊಳಗೆ ತುರುಕಿಟ್ಟ ಉಕ್ಕಿನ ರಾಶಿ. ಹತ್ತಿರ ಹೋದರೆ ಒಂದು ಲಾರಿಯಷ್ಟು ದೊಡ್ಡದು. ನಮ್ಮ ರಿಗ್ಗರ್ ಮೇಸ್ತ್ರಿ ಅದನ್ನು 'ಚೆಟ್ಟು' ಎಂದೇ ಕರೆಯುತ್ತಿದ್ದರು. ತೆಲುಗಿನಲ್ಲಿ ಮರ. "ಭಾಯ್, ಈ ಚೆಟ್ಟಿಗೆ ಬೇರೂ ಇದೆ, ಹಣ್ಣೂ ಇದೆ, ಎಲೆ ಮಾತ್ರ ಇಲ್ಲ" ಎನ್ನುತ್ತಿದ್ದರು.

ಕಾಕಿನಾಡದ ಯಾರ್ಡ್‌ನಲ್ಲಿ ನನ್ನ ಕೆಲಸ ಇಂಥ ಮರಗಳ ಹೈಡ್ರಾಲಿಕ್ ಪರೀಕ್ಷೆಯಲ್ಲಿ ಕೈ ಜೋಡಿಸುವುದು. ಮರದ ಪ್ರತಿಯೊಂದು ದೊಡ್ಡ ವಾಲ್ವ್‌ನ ಒಳಗೆ ಬಲವಾದ ಒಂದು ಸ್ಪ್ರಿಂಗ್ ಇರುತ್ತದೆ. ಆ ಸ್ಪ್ರಿಂಗ್‌ಗೆ ಗೊತ್ತಿರುವುದು ವಾಲ್ವನ್ನು ಮುಚ್ಚುವುದೊಂದೇ. ದಡದಿಂದ ಬರುವ ದ್ರವದ ಒತ್ತಡ ಅದನ್ನು ಹಿಡಿದು ತೆರೆದಿಟ್ಟಿರುತ್ತದೆ. ಚಂಡಮಾರುತ ಬರಲಿ, ಕೇಬಲ್ ತುಂಡಾಗಲಿ, ದಡದಲ್ಲಿ ಬೆಂಕಿಯೇ ಬೀಳಲಿ, ಒತ್ತಡ ಹೋದೊಡನೆ ಸ್ಪ್ರಿಂಗ್ ತನ್ನಷ್ಟಕ್ಕೆ ವಾಲ್ವನ್ನು ಮುಚ್ಚಿಬಿಡುತ್ತದೆ. ಯಾರೂ ಹೇಳಬೇಕಾಗಿಲ್ಲ. ಈ ಏರ್ಪಾಡು ನನಗೆ ತುಂಬಾ ಹಿಡಿಸಿತ್ತು. ಮನುಷ್ಯ ಕೈಬಿಟ್ಟರೆ ಅಪಾಯದ ಕಡೆಗೆ ಜಾರುವ ಯಂತ್ರಗಳನ್ನೇ ನಾವು ಹೆಚ್ಚು ನೋಡಿರುತ್ತೇವೆ. ಇದು ಕೈಬಿಟ್ಟರೆ ಸುರಕ್ಷಿತ ಸ್ಥಿತಿಗೆ ಮರಳುವ ಯಂತ್ರ.

ಆ ದ್ರವದ ಶುದ್ಧಿಯ ವಿಷಯವನ್ನಂತೂ ಹೇಳಿ ಮುಗಿಯದು. ವಾಲ್ವ್‌ಗಳಿಗೆ ಆಜ್ಞೆ ಹೋಗುವ ಕೊಳವೆಗಳು ಬೆರಳಿನಷ್ಟು ದಪ್ಪ, ಕಂಟ್ರೋಲ್ ಪೆಟ್ಟಿಗೆಯೊಳಗಿನ ದಾರಿಗಳು ಇನ್ನೂ ಸಣ್ಣವು. ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿನಷ್ಟು ಸಣ್ಣ ಕಣಗಳು ಒಟ್ಟಾದರೂ ಸಾಕು, ದಾರಿ ಕಟ್ಟಿಕೊಳ್ಳುತ್ತದೆ. ನೆಲದ ಮೇಲಾದರೆ ಬಿಚ್ಚಿ ತೊಳೆಯಬಹುದು. 1,200 ಮೀಟರ್ ಕೆಳಗೆ ಯಾರು ಬಿಚ್ಚುವುದು? ಅದನ್ನು ಮೇಲೆತ್ತಲು ಒಂದು ಹಡಗು ಕರೆಸಿದರೆ ಅದರ ದಿನದ ಬಾಡಿಗೆಯಲ್ಲಿ ನಮ್ಮೂರಲ್ಲಿ ಒಂದು ಶಾಲೆ ಕಟ್ಟಬಹುದು. ಹಾಗಾಗಿ ಗಂಟೆಗಟ್ಟಲೆ ಕೊಳವೆಗಳಲ್ಲಿ ದ್ರವ ಹರಿಸುವುದು, ಶೀಶೆಯಲ್ಲಿ 100 ಮಿಲಿಲೀಟರ್ ಮಾದರಿ ಹಿಡಿಯುವುದು, ಅದರಲ್ಲಿ ಯಾವ ಗಾತ್ರದ ಕಣ ಎಷ್ಟು ಎಂದು ಯಂತ್ರದಿಂದ ಎಣಿಸುವುದು, ಮಿತಿ ದಾಟಿದರೆ ಮತ್ತೆ ಹರಿಸುವುದು. ಒಂದು ಮರಕ್ಕೆ ಮೂರು ರಾತ್ರಿ ಹೀಗೇ ಕಳೆದದ್ದುಂಟು. ಕಾಗದದ ಮೇಲೆ ಒಬ್ಬ ಸಹಿ ಹಾಕಿದರೆ ಸಾಲದು, ಮೂವರು ಹಾಕಬೇಕು.

ಮರಗಳಿಂದ ಹೊರಟ ಅನಿಲ ಮ್ಯಾನಿಫೋಲ್ಡ್ ಎಂಬ ಕೂಡುಪೆಟ್ಟಿಗೆಗಳಲ್ಲಿ ಒಟ್ಟಾಗಿ, ದೊಡ್ಡ ಪೈಪುಗಳಲ್ಲಿ ಇಳಿಜಾರು ಹತ್ತಿ, ನೂರು ಮೀಟರಿನಷ್ಟು ಆಳದ ನೀರಿನಲ್ಲಿ ನಿಂತ ಒಂದು ಕಂಟ್ರೋಲ್ ಪ್ಲಾಟ್‌ಫಾರ್ಮಿಗೆ ಬರುತ್ತದೆ. ಇಡೀ ಏರ್ಪಾಡಿನಲ್ಲಿ ನೀರಿನ ಮೇಲೆ ಕಾಣುವುದು ಅದೊಂದೇ, ಅದೂ ಬಾವಿಗಳಿಂದ ಬಹಳ ಈಚೆಗೆ. ಅಲ್ಲಿಂದ ದಡದ ಗಾಡಿಮೊಗ ಎಂಬ ಹಳ್ಳಿಯ ಪಕ್ಕದ ಟರ್ಮಿನಲ್‌ಗೆ. ಪ್ಲಾಟ್‌ಫಾರ್ಮಿನಿಂದ ಬಾವಿಗಳ ಕಡೆಗೆ ಒಂದು ದಪ್ಪ ಹಗ್ಗ ಇಳಿಯುತ್ತದೆ. ಅದರೊಳಗೆ ವಿದ್ಯುತ್ ತಂತಿ, ಆಪ್ಟಿಕಲ್ ಫೈಬರ್, ಹೈಡ್ರಾಲಿಕ್ ಕೊಳವೆಗಳು, ರಾಸಾಯನಿಕದ ಕೊಳವೆಗಳು ಎಲ್ಲ ಹೆಣೆದುಕೊಂಡಿರುತ್ತವೆ. ಇಂಗ್ಲಿಷಿನಲ್ಲಿ ಅದಕ್ಕೆ ಅಂಬಿಲಿಕಲ್ ಎನ್ನುತ್ತಾರೆ, ಎಂದರೆ ಹೊಕ್ಕುಳ ಬಳ್ಳಿ. ಇಟ್ಟ ಹೆಸರುಗಳಲ್ಲಿ ಇದೊಂದು ಮಾತ್ರ ನೂರಕ್ಕೆ ನೂರು ಸರಿಯಾದದ್ದು.

ಆ ರಾಸಾಯನಿಕ ಯಾಕೆ ಎಂದರೆ, ಅಲ್ಲೊಂದು ವಿಚಿತ್ರ ಶತ್ರು ಇದೆ. ಸಮುದ್ರದ ತಳದಲ್ಲಿ ನೀರಿನ ಉಷ್ಣತೆ ಐದಾರು ಡಿಗ್ರಿ. ಒತ್ತಡ ಮೇಲಿನದ್ದಕ್ಕಿಂತ 120 ಪಟ್ಟು. ಬಾವಿಯಿಂದ ಬಿಸಿಯಾಗಿ ಬರುವ ಅನಿಲದ ಜೊತೆ ಸ್ವಲ್ಪ ನೀರಿನ ಆವಿಯೂ ಇರುತ್ತದೆ. ತಂಪು ಮತ್ತು ಒತ್ತಡ ಎರಡೂ ಸೇರಿದಾಗ ನೀರು ಮತ್ತು ಮೀಥೇನ್ ಒಂದನ್ನೊಂದು ಹಿಡಿದುಕೊಂಡು ಮಂಜುಗಡ್ಡೆಯಂಥ ಗಟ್ಟಿ ವಸ್ತುವಾಗುತ್ತವೆ. ಇದಕ್ಕೆ ಹೈಡ್ರೇಟ್ ಎನ್ನುತ್ತಾರೆ. ಮಂಜುಗಡ್ಡೆ ಕಟ್ಟಲು ಸೊನ್ನೆ ಡಿಗ್ರಿ ಬೇಕು, ಇದಕ್ಕೆ ಅದೂ ಬೇಡ. ಕೊಬ್ಬು ರಕ್ತನಾಳವನ್ನು ಕಟ್ಟುವಂತೆ ಪೈಪನ್ನು ಕಟ್ಟಿಬಿಡುತ್ತದೆ. ಅದನ್ನು ತಡೆಯಲು ಪ್ರತಿ ಬಾವಿಯ ಬಾಯಲ್ಲೇ ಗ್ಲೈಕಾಲ್ ಹಾಯಿಸುತ್ತಾರೆ. ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟ್‌ನಲ್ಲಿರುವುದೂ ಇದೇ ಜಾತಿಯ ವಸ್ತು. ಅನಿಲದೊಂದಿಗೆ ದಡಕ್ಕೆ ಬಂದ ಗ್ಲೈಕಾಲನ್ನು ಕಾಯಿಸಿ, ನೀರು ಆರಿಸಿ, ಮತ್ತೆ ಸಮುದ್ರದ ತಳಕ್ಕೆ ಕಳುಹಿಸುತ್ತಾರೆ. ಹೀಗೆ ಅದೇ ದ್ರವ ವರ್ಷಗಟ್ಟಲೆ ದಡಕ್ಕೂ ತಳಕ್ಕೂ ಓಡಾಡುತ್ತಿರುತ್ತದೆ, ನಮ್ಮ ಗಲ್ಫ್ ಮಂದಿಯ ಹಾಗೆ.

ಕೆಲವು ವಾರ ಹಡಗಿನಲ್ಲಿ ಇದ್ದಾಗ ಇದನ್ನೆಲ್ಲ ಕೆಳಗಿಳಿಸುವುದನ್ನು ಪರದೆಯ ಮೇಲೆ ನೋಡಿದ್ದೇನೆ. ರೋಬೋಟಿನ ದೀಪದ ಬೆಳಕಿನಲ್ಲಿ ಬೂದು ಬಣ್ಣದ ಕೆಸರು, ಆಗೊಮ್ಮೆ ಈಗೊಮ್ಮೆ ಹಾದುಹೋಗುವ ಬಿಳಿ ಮೀನು. ಮರ ನಿಧಾನವಾಗಿ ಇಳಿದು ಬಾವಿಯ ಬಾಯಿಯ ಮೇಲೆ ಕೂರುವಾಗ ಕೆಸರಿನ ಮೋಡ ಎದ್ದು ಎಲ್ಲವೂ ಮರೆಯಾಗುತ್ತದೆ. ಆ ಹತ್ತು ನಿಮಿಷ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಮೋಡ ತಿಳಿಯಾದ ಮೇಲೆ ಮರದ ಮೈಮೇಲಿನ ಗುರುತಿನ ಗೆರೆ ಸರಿಯಾಗಿ ಕಂಡರೆ ಎಲ್ಲರಿಗೂ ಒಮ್ಮೆಲೇ ಹಸಿವಾಗುತ್ತದೆ.

ಈ ಕೆಸರಿನ ಬಗ್ಗೆ ನನಗೆ ಹೆಚ್ಚು ಹೇಳಿಕೊಟ್ಟದ್ದು ಇಂಜಿನಿಯರುಗಳಲ್ಲ, ಮೇಸ್ತ್ರಿ. ಅವರ ಊರು ತಾಳ್ಳರೇವು ಕಡೆ. ಪಕ್ಕದಲ್ಲೇ ಕೋರಂಗಿ. ಈಗ ಅದು ಕಾಂಡ್ಲಾ ಕಾಡಿನ ಅಭಯಾರಣ್ಯ. ಒಂದು ಕಾಲದಲ್ಲಿ ಅಲ್ಲಿ ಹಡಗು ಕಟ್ಟುತ್ತಿದ್ದರು. ಅಲ್ಲಿಂದ ಹಡಗು ಹತ್ತಿ ಬರ್ಮಾಕ್ಕೆ ಹೋದ ತೆಲುಗರೆಷ್ಟು ಮಂದಿ ಎಂದರೆ, ರಂಗೂನಿನಲ್ಲಿ ತೆಲುಗು ಕೂಲಿಗಳಿಗೆ 'ಕೋರಂಗಿ' ಎಂಬ ಹೆಸರೇ ಬಿದ್ದಿತ್ತು. ಮೇಸ್ತ್ರಿಯ ಮುತ್ತಜ್ಜನೂ ಅವರಲ್ಲೊಬ್ಬ. 1839ರ ಚಂಡಮಾರುತದಲ್ಲಿ ಸಮುದ್ರವೇ ಎದ್ದು ಬಂದು ಆ ಬಂದರನ್ನು ತೊಳೆದುಹಾಕಿತು. ಉಳಿದ ಕೆಲಸವನ್ನು ಗೋದಾವರಿಯ ಹೂಳು ಮುಗಿಸಿತು. "ಗೋದಾವರಿ ಸುಮ್ಮನೆ ಇರುವವಳಲ್ಲ ಭಾಯ್. ಒಂದು ಕಡೆ ತುಂಬಿಸುತ್ತಾಳೆ, ಒಂದು ಕಡೆ ತೆಗೆಯುತ್ತಾಳೆ. ಎಲ್ಲಿ ತುಂಬಿಸಿದ್ದಾಳೆ ಎಂದು ಅವಳಿಗೆ ಮಾತ್ರ ಗೊತ್ತು."

ಮೇಸ್ತ್ರಿಗೆ ಭೂವಿಜ್ಞಾನ ಗೊತ್ತಿರಲಿಲ್ಲ. ಆದರೆ ಡಿ6ರ ಕಥೆ ಅಕ್ಷರಶಃ ಇದೇ. ಅನಿಲ ಕೂತಿದ್ದು ಗಟ್ಟಿ ಬಂಡೆಯಲ್ಲಲ್ಲ. ಹತ್ತಾರು ಲಕ್ಷ ವರ್ಷಗಳ ಹಿಂದೆ ಇದೇ ನದಿಗಳು ಹೊತ್ತು ತಂದ ಮರಳು, ಖಂಡದ ಅಂಚಿನಿಂದ ಜಾರಿ ಆಳಕ್ಕಿಳಿದು, ಸಮುದ್ರದ ತಳದಲ್ಲಿ ತಾನೇ ಕಾಲುವೆಗಳನ್ನು ಕೊರೆದು, ಆ ಕಾಲುವೆಗಳಲ್ಲೇ ತುಂಬಿಕೊಂಡು, ಮೇಲೆ ಜೇಡಿ ಮುಚ್ಚಿಕೊಂಡಿತ್ತು. ಮೇಲಿಂದ ಧ್ವನಿ ತರಂಗ ಕಳುಹಿಸಿ ತೆಗೆದ ಚಿತ್ರದಲ್ಲಿ ಅನಿಲ ತುಂಬಿದ ಮರಳು ಹೊಳೆಯುತ್ತದೆ. ಹೊಳೆಯುವ ಜಾಗವೆಷ್ಟು ಎಂದು ಅಳೆಯಬಹುದು. ಆದರೆ ಒಂದು ಕಾಲುವೆಯ ಮರಳಿಗೂ ಪಕ್ಕದ ಕಾಲುವೆಯ ಮರಳಿಗೂ ಒಳಗೊಳಗೇ ಸಂಪರ್ಕ ಇದೆಯೇ, ಅಥವಾ ನಡುವೆ ಜೇಡಿಯ ಗೋಡೆ ಇದೆಯೇ, ಎಂಬುದನ್ನು ಚಿತ್ರ ಅಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಸಂಪರ್ಕವಿದ್ದರೆ ಒಂದು ಬಾವಿ ದೂರದ ಅನಿಲವನ್ನೂ ಎಳೆದುಕೊಳ್ಳುತ್ತದೆ. ಇಲ್ಲದಿದ್ದರೆ ತನ್ನ ಬುಡದ್ದನ್ನು ಮುಗಿಸಿ ಬರಿದಾಗುತ್ತದೆ.

ಈಗ ಅಂಕಿಗಳಿಗೆ ಬರೋಣ. 2004ರ ಮೊದಲ ಯೋಜನೆಯಲ್ಲಿ ದಿನಕ್ಕೆ 4 ಕೋಟಿ ಘನ ಮೀಟರ್ ಅನಿಲ, ವೆಚ್ಚ ಸುಮಾರು 240 ಕೋಟಿ ಡಾಲರ್ ಎಂದಿತ್ತು. ಎರಡೇ ವರ್ಷದಲ್ಲಿ, 2006ರಲ್ಲಿ, ಅದು ದಿನಕ್ಕೆ 8 ಕೋಟಿ ಘನ ಮೀಟರ್ ಆಯಿತು. ವೆಚ್ಚ ಮೊದಲ ಹಂತಕ್ಕೆ ಮಾತ್ರ 520 ಕೋಟಿ ಡಾಲರ್. ತೆಗೆಯಬಹುದಾದ ಅನಿಲ ಸುಮಾರು 10 ಲಕ್ಷ ಕೋಟಿ ಘನ ಅಡಿ ಎಂದು ಲೆಕ್ಕ ಹಾಕಿದ್ದರು.

2009ರ ಏಪ್ರಿಲ್ ಮೊದಲ ವಾರ ಅನಿಲ ಬಂತು. ಅನಿಲ ಸಿಕ್ಕ ಆರೂವರೆ ವರ್ಷದಲ್ಲಿ ಅಷ್ಟು ಆಳದಿಂದ ದಡ ಮುಟ್ಟಿಸಿದ್ದು ಎಲ್ಲಿಯ ಲೆಕ್ಕದಲ್ಲೂ ಸಣ್ಣ ಸಾಧನೆಯಲ್ಲ. ಯಾರ್ಡ್‌ನಲ್ಲಿ ಕಾಕಿನಾಡದ ಪ್ರಸಿದ್ಧ ಕಾಜಾ ಹಂಚಿದರು. ಸಕ್ಕರೆ ಪಾಕ ಅಂಗಿಗೆಲ್ಲ ಸೋರಿತು. ನನ್ನ ಗುತ್ತಿಗೆಯೂ ಆ ತಿಂಗಳೇ ಮುಗಿಯಿತು. 2010ರ ಮಾರ್ಚಿನಲ್ಲಿ ಆ ಬ್ಲಾಕಿನ ಒಟ್ಟು ಉತ್ಪಾದನೆ ದಿನಕ್ಕೆ ಸುಮಾರು 6.9 ಕೋಟಿ ಘನ ಮೀಟರ್ ಮುಟ್ಟಿತು, ಪಕ್ಕದ ಎಂಎ ತೈಲ ಕ್ಷೇತ್ರದ್ದೂ ಸೇರಿ. ಅದೇ ತುದಿ. 8 ಕೋಟಿ ಎಂದೂ ಆಗಲಿಲ್ಲ. ಅಲ್ಲಿಂದ ಇಳಿಯತೊಡಗಿದ್ದು ನಿಲ್ಲಲೂ ಇಲ್ಲ. ಮರಳಿನೊಳಗಿನ ಒತ್ತಡ ಅಂದುಕೊಂಡದ್ದಕ್ಕಿಂತ ಬೇಗ ಕುಸಿಯಿತು. ಬಾವಿಗಳಿಗೆ ನೀರು ನುಗ್ಗಿತು, ನೀರಿನ ಜೊತೆ ಮರಳು. 22 ಬಾವಿ ಕೊರೆದು 18ನ್ನು ಉತ್ಪಾದನೆಗೆ ಜೋಡಿಸಿದ್ದರು. 2013ರ ಹೊತ್ತಿಗೆ ಅವುಗಳಲ್ಲಿ ಅರ್ಧದಷ್ಟು ಮುಚ್ಚಿದ್ದವು. ಉತ್ಪಾದನೆ ದಿನಕ್ಕೆ ಒಂದೂವರೆ ಕೋಟಿಗಿಂತ ಕೆಳಗಿಳಿದಿತ್ತು. ತೆಗೆಯಬಹುದಾದ ಅನಿಲದ ಅಂದಾಜನ್ನು 2012ರಲ್ಲಿ 10ರಿಂದ ಸುಮಾರು 3 ಲಕ್ಷ ಕೋಟಿ ಘನ ಅಡಿಗೆ ಇಳಿಸಲಾಯಿತು. 2020ರ ಫೆಬ್ರವರಿಯಲ್ಲಿ ಧೀರೂಭಾಯಿ-1 ಮತ್ತು 3 ಎರಡೂ ಪೂರ್ತಿ ನಿಂತುಹೋದವು.

ಯಾಕೆ ಹೀಗಾಯಿತು ಎಂಬುದಕ್ಕೆ ಎರಡು ಉತ್ತರಗಳಿವೆ. ಕಂಪೆನಿ ಹೇಳಿದ್ದು, ಮರಳಿನ ರಚನೆ ಊಹಿಸಿದ್ದಕ್ಕಿಂತ ಜಟಿಲವಾಗಿತ್ತು, ಇನ್ನಷ್ಟು ಬಾವಿ ಕೊರೆದರೂ ಪ್ರಯೋಜನವಿರಲಿಲ್ಲ ಎಂದು. ಸರಕಾರ ಹೇಳಿದ್ದು, ಯೋಜನೆಯಲ್ಲಿ ಒಪ್ಪಿಕೊಂಡಷ್ಟು ಬಾವಿಗಳನ್ನು ಕೊರೆಯಲೇ ಇಲ್ಲ, ಅದಕ್ಕೇ ಉತ್ಪಾದನೆ ಬಿದ್ದಿತು ಎಂದು. ಈ ಕಾರಣಕ್ಕೆ ಸರಕಾರ ವೆಚ್ಚದ ಒಂದು ಪಾಲನ್ನು ಲೆಕ್ಕದಿಂದ ತೆಗೆದುಹಾಕಿತು, ಕಂಪೆನಿ ಪಂಚಾಯ್ತಿಗೆ ಹೋಯಿತು. ಮಹಾಲೇಖಪಾಲರ 2011ರ ವರದಿ ಕಂಪೆನಿಯನ್ನಷ್ಟೇ ಅಲ್ಲ, ನಿಗಾ ಇಡಬೇಕಾಗಿದ್ದ ಸರಕಾರಿ ನಿರ್ದೇಶನಾಲಯವನ್ನೂ ತರಾಟೆಗೆ ತೆಗೆದುಕೊಂಡಿತ್ತು.

ಇವರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವಷ್ಟು ದೊಡ್ಡವನು ನಾನಲ್ಲ. ಆದರೆ ಒಂದು ಮಾತು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ನಾವು ಕೈಯಿಂದ ಮಾಡಿದ್ದನ್ನು, ಅಂದರೆ ವಾಲ್ವು, ಕೊಳವೆ, ದ್ರವದೊಳಗಿನ ಧೂಳಿನ ಕಣ, ಇವುಗಳನ್ನೆಲ್ಲ ಹತ್ತು ಸಲ ಪರೀಕ್ಷಿಸಿ ಮೂವರ ಸಹಿ ಹಾಕಿಸುತ್ತಿದ್ದೆವು. ಅಷ್ಟಾದ ಮೇಲೂ ಇಂಜಿನಿಯರುಗಳು "ಕೆಲಸ ಮಾಡುತ್ತದೆ" ಎಂದು ಹೇಳುತ್ತಿರಲಿಲ್ಲ, "ಮಾಡಬೇಕು" ಎನ್ನುತ್ತಿದ್ದರು. ಯಾರೂ ಮುಟ್ಟಿ ನೋಡಲಾಗದ ಮರಳಿನೊಳಗೆ ಎಷ್ಟು ಅನಿಲವಿದೆ ಎಂಬ ಅಂಕಿಯನ್ನು ಮಾತ್ರ ಮಂತ್ರಿಗಳಿಂದ ಹಿಡಿದು ಟಿವಿಯವರ ತನಕ ಎಲ್ಲರೂ ಎಣಿಸಿ ತಂದವರಂತೆ ಹೇಳುತ್ತಿದ್ದರು. 10 ಲಕ್ಷ ಕೋಟಿ ಎಂಬುದು ಒಂದು ಅಂದಾಜು, ಅದಕ್ಕೆ ಮೇಲೂ ಕೆಳಗೂ ಅಂತರವಿರುತ್ತದೆ ಎಂಬ ಮಾತು ಸಮುದ್ರದಿಂದ ದಿಲ್ಲಿ ತಲುಪುವಾಗ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಬಿದ್ದುಹೋದದ್ದರ ಬೆಲೆ ತೆತ್ತವರಲ್ಲಿ ನನ್ನ ತಂಗಿಯ ಗಂಡನೂ ಒಬ್ಬ. ಅವನು ಟರ್ಬೈನ್ ಆಪರೇಟರ್. 2010ರಲ್ಲಿ, ಆಂಧ್ರದಲ್ಲಿ ಎಲ್ಲಿ ನೋಡಿದರೂ ಗ್ಯಾಸ್ ಆಧಾರಿತ ವಿದ್ಯುತ್ ಸ್ಥಾವರಗಳು ಏಳುತ್ತಿದ್ದವು. ಬ್ಯಾಂಕುಗಳು ಸಾಲ ಕೊಡುತ್ತಿದ್ದವು. ಗೋದಾವರಿ ಸೀಮೆಯ ಅಂಥದೊಂದು ಖಾಸಗಿ ಸ್ಥಾವರಕ್ಕೆ ಗಲ್ಫಿನ ಕೆಲಸ ಬಿಟ್ಟು ಬಂದು ಸೇರಿದ. ಸಂಬಳ ಸ್ವಲ್ಪ ಕಡಿಮೆ, ಆದರೆ ಹೆಂಡತಿ ಮಕ್ಕಳ ಜೊತೆ ಇರಬಹುದಲ್ಲ. ತಂಗಿ ಎರಡು ಮಕ್ಕಳನ್ನು ಕಟ್ಟಿಕೊಂಡು ತೆಲುಗು ಕಲಿಯಲು ಹೊರಟಳು. ದೊಡ್ಡವಳನ್ನು ಅಲ್ಲಿಯ ಶಾಲೆಗೂ ಸೇರಿಸಿದರು.

ಅನಿಲ ಕಡಿಮೆಯಾದಾಗ ಯಾರಿಗೆ ಮೊದಲು ಕೊಡಬೇಕೆಂಬ ಸರಕಾರದ ಸಾಲಿನಲ್ಲಿ ರಸಗೊಬ್ಬರ ಕಾರ್ಖಾನೆಗಳು ಮುಂದಿದ್ದವು, ವಿದ್ಯುತ್ ಹಿಂದೆ. ಅದು ಸರಿಯೇ, ಅನ್ನ ಮೊದಲು. 2013ರ ಮಾರ್ಚಿನಿಂದ ವಿದ್ಯುತ್ ಸ್ಥಾವರಗಳಿಗೆ ಡಿ6ರ ಅನಿಲ ಸಂಪೂರ್ಣ ನಿಂತಿತು. 2015ರಲ್ಲಿ ಕೇಂದ್ರ ಸರಕಾರವೇ ಕೊಟ್ಟ ಲೆಕ್ಕದಂತೆ ದೇಶದಲ್ಲಿ 14,305 ಮೆಗಾವಾಟ್ ಸಾಮರ್ಥ್ಯದ ಸ್ಥಾವರಗಳು ದೇಶೀಯ ಅನಿಲವೇ ಇಲ್ಲದೆ ಕೂತಿದ್ದವು. ಭಾವನಿದ್ದ ಸ್ಥಾವರ ಅವುಗಳಲ್ಲೊಂದು.

ಟರ್ಬೈನ್ ಓಡದಿದ್ದರೂ ಅದನ್ನು ಸುಮ್ಮನೆ ಬಿಡುವಂತಿಲ್ಲ. ಅದರ ದಂಡ ಎಷ್ಟು ಭಾರ ಎಂದರೆ ಒಂದೇ ಭಂಗಿಯಲ್ಲಿ ನಿಂತರೆ ತನ್ನ ಭಾರಕ್ಕೇ ಬಾಗುತ್ತದೆ. ಆದ್ದರಿಂದ ಸಣ್ಣ ಮೋಟಾರಿನಿಂದ ಅದನ್ನು ಆಗಾಗ ನಿಧಾನವಾಗಿ ತಿರುಗಿಸುತ್ತಿರಬೇಕು. ಬಾಯ್ಲರಿನ ಕೊಳವೆಗಳು ತುಕ್ಕು ಹಿಡಿಯದಂತೆ ಅದರೊಳಗೆ ನೈಟ್ರೋಜನ್ ತುಂಬಿಡಬೇಕು. ಭಾವ ಎರಡು ವರ್ಷ ಮಾಡಿದ್ದು ಇಷ್ಟೇ ಕೆಲಸ. ವಿದ್ಯುತ್ ತಯಾರಿಸಬೇಕಾದ ಯಂತ್ರವನ್ನು ಹೊರಗಿನಿಂದ ವಿದ್ಯುತ್ ಕೊಂಡು ತಂದು ತಿರುಗಿಸುವುದು. ಮೊದಲು ಸಂಬಳ ತಡವಾಯಿತು, ಆಮೇಲೆ ಅರ್ಧವಾಯಿತು. ಒಂದು ಬಕ್ರೀದ್‌ಗೆ ಊರಿಗೆ ಬಂದಿದ್ದಾಗ ಊಟವಾದ ಮೇಲೆ ಕೇಳಿದ. "ಭಾವಾ, ನೀವು ಕೂರಿಸಿದ ವಾಲ್ವ್‌ಗಳೆಲ್ಲ ಸರಿಯಾಗಿ ಇವೆಯಲ್ಲ? ಮತ್ತೆ ಗ್ಯಾಸ್ ಯಾಕೆ ಬರುವುದಿಲ್ಲ?" ವಾಲ್ವ್ ಸರಿಯಿತ್ತು. ಅದನ್ನು ಹೇಳಿದೆ. ಮರಳಿನ ಕಥೆಯನ್ನೂ ಹೇಳಿದೆ. ಅವನು ಕೇಳಿಸಿಕೊಂಡ. ಮುಂದಿನ ವರ್ಷ ಒಮಾನ್‌ಗೆ ಹೋದ. ತಂಗಿಯ ದೊಡ್ಡ ಮಗಳು ಇಂದಿಗೂ ತೆಲುಗಿನಲ್ಲಿ ಲೆಕ್ಕ ಮಾಡುತ್ತಾಳೆ.

ಇಷ್ಟರ ನಡುವೆ ನೆಲದಡಿಯ ಅನಿಲ ಯಾರದ್ದು ಎಂಬ ವ್ಯಾಜ್ಯವೂ ನಡೆದಿತ್ತು. ಅನಿಲವನ್ನು 2.34 ಡಾಲರಿಗೆ ಕೊಡಬೇಕೇ, ಸರಕಾರ ಒಪ್ಪಿದ 4.20 ಡಾಲರಿಗೆ ಕೊಡಬೇಕೇ ಎಂದು ಅಂಬಾನಿ ಸಹೋದರರು ಸುಪ್ರೀಂ ಕೋರ್ಟಿನವರೆಗೆ ಹೋದರು. ಅಣ್ಣತಮ್ಮಂದಿರ ಪಾಲುಪಟ್ಟಿಯ ಪತ್ರದಲ್ಲಿ ದೇಶದ ಅನಿಲವೂ ಒಂದು ಬಾಬತ್ತಾಗಿ ಬಂದದ್ದು ನನಗೆ ಇಂದಿಗೂ ಸೋಜಿಗ. 2010ರ ಮೇ 7ರಂದು ಬಂದ ತೀರ್ಪು, ಅನಿಲ ಸರಕಾರದ್ದು, ಬೆಲೆ ನಿಗದಿಪಡಿಸುವುದೂ ಸರಕಾರವೇ ಎಂದಿತು. ಅನಿಲದ ದರ ತೀರ್ಮಾನವಾಗುವ ಹೊತ್ತಿಗೆ ಅನಿಲವೇ ಇಳಿಯತೊಡಗಿತ್ತು. ಪಕ್ಕದ ಒಎನ್‌ಜಿಸಿ ಬ್ಲಾಕಿನ ಅನಿಲ ಡಿ6ರ ಬಾವಿಗಳಿಗೆ ಹರಿದು ಹೋಗಿದೆ ಎಂಬುದು ಇನ್ನೊಂದು ವ್ಯಾಜ್ಯ. 2018ರಲ್ಲಿ ಪಂಚಾಯ್ತಿ ಮಂಡಳಿ ಕಂಪೆನಿಯ ಪರ ಹೇಳಿದ್ದನ್ನು 2025ರ ಫೆಬ್ರವರಿಯಲ್ಲಿ ದಿಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಗೋಡೆ ಇದೆಯೇ ಇಲ್ಲವೇ ಎಂದು ಯಾರಿಗೂ ಖಚಿತವಿಲ್ಲದ ಮರಳಿನ ಬಗ್ಗೆಯೇ ಈ ಮೊಕದ್ದಮೆಯೂ.

ಆಂಧ್ರದವರದ್ದು ಬೇರೆಯೇ ದೂರು. ಕಾಕಿನಾಡದಿಂದ ಗುಜರಾತಿನ ಭರೂಚ್‌ಗೆ ಸುಮಾರು 1,400 ಕಿಲೋಮೀಟರ್ ಉದ್ದದ ಪೈಪ್‌ಲೈನ್ ಎಳೆದರು. ನಮ್ಮ ಕರ್ನಾಟಕದ ಉತ್ತರ ತುದಿಯನ್ನೂ ಅದು ಹಾದು ಹೋಗುತ್ತದೆ. ನಮ್ಮ ಕಡಲ ಗ್ಯಾಸ್ ನಮಗೆ ಸಿಗದೆ ಗುಜರಾತಿಗೆ ಯಾಕೆ ಎಂದು ಮೇಸ್ತ್ರಿ ಸಿಟ್ಟಾಗುತ್ತಿದ್ದರು. ಅವರ ಸೀಮೆಯ ಜನ ಗ್ಯಾಸಿನ ಅಪಾಯವನ್ನು ಮಾತ್ರ ಮನೆಬಾಗಿಲಲ್ಲೇ ಕಂಡವರು. 1995ರಲ್ಲಿ ಪಾಸರ್ಲಪೂಡಿಯಲ್ಲಿ ಒಎನ್‌ಜಿಸಿಯ ಬಾವಿ ಸ್ಫೋಟಿಸಿ ಎರಡು ತಿಂಗಳು ಉರಿದಿತ್ತು. 2014ರ ಜೂನ್‌ನಲ್ಲಿ ನಗರಂನಲ್ಲಿ ಗೇಲ್ ಪೈಪ್‌ಲೈನ್ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಮಲಗಿದಲ್ಲೇ ಸುಟ್ಟುಹೋದರು.

ನಮ್ಮ ಪಣಂಬೂರಿನ ರಸಗೊಬ್ಬರ ಕಾರ್ಖಾನೆ 1976ರಿಂದ ನಡೆದದ್ದು ನಾಫ್ತಾದಲ್ಲಿ. ಅದು ದುಬಾರಿ. ಡಿ6ರ ಭರದ ದಿನಗಳಲ್ಲಿ ನಮ್ಮ ಕಡೆ ಚಹಾದಂಗಡಿಗಳಲ್ಲೂ ಗೋದಾವರಿಯ ಗ್ಯಾಸ್ ಬರುತ್ತದೆಂಬ ಮಾತಿತ್ತು. ಪೈಪ್ ಇಲ್ಲದೆ ಗ್ಯಾಸ್ ಹೇಗೆ ಬರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೊನೆಗೆ ಪೈಪ್ ಬಂತು, 2021ರ ಜನವರಿಯಲ್ಲಿ, ಕೊಚ್ಚಿಯಿಂದ, 450 ಕಿಲೋಮೀಟರ್. ಅದರಲ್ಲಿ ಹರಿಯುವುದು ಹೊರದೇಶಗಳಿಂದ ಹಡಗಿನಲ್ಲಿ ದ್ರವವಾಗಿ ಬಂದ ಅನಿಲ.

ಆದರೆ ಕಾಕಿನಾಡದ ಕಥೆ 2020ಕ್ಕೆ ಮುಗಿಯಲಿಲ್ಲ. 2011ರಲ್ಲೇ 30 ಪಾಲು ಕೊಂಡು ಒಳಬಂದಿದ್ದ ಬ್ರಿಟನ್ನಿನ ಬಿಪಿ ಕಂಪೆನಿಯ ಜೊತೆ ಸೇರಿ, ಅದೇ ಬ್ಲಾಕಿನಲ್ಲಿ ಇನ್ನೂ ಆಳದ ಕ್ಷೇತ್ರಗಳನ್ನು ತೆರೆದರು. ಆರ್-ಕ್ಲಸ್ಟರ್ 2020ರ ಡಿಸೆಂಬರಿನಲ್ಲಿ ಶುರುವಾಯಿತು, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. 2021ರಲ್ಲಿ ಇನ್ನೊಂದು, 2023ರಲ್ಲಿ ಮತ್ತೊಂದು. 2023–24ರ ಹೊತ್ತಿಗೆ ಮೂರೂ ಸೇರಿ ದಿನಕ್ಕೆ ಸುಮಾರು 3 ಕೋಟಿ ಘನ ಮೀಟರ್, ದೇಶದ ಒಟ್ಟು ಉತ್ಪಾದನೆಯ ಮೂರನೇ ಒಂದರ ಹತ್ತಿರ ಹತ್ತಿರ. ಹೊಸ ಬಾವಿಗಳಿಗೆ ಹೊಸ ಮರಗಳು ಬೇಕಾದವು. ಆದರೆ ಆರ್-ಕ್ಲಸ್ಟರ್‌ನ ಅನಿಲ ಬಂದು ಸೇರುವುದು ಅದೇ ಹಳೆಯ ಕಂಟ್ರೋಲ್ ಪ್ಲಾಟ್‌ಫಾರ್ಮಿಗೆ, ಅಲ್ಲಿಂದ ಅದೇ ಗಾಡಿಮೊಗದ ಟರ್ಮಿನಲ್‌ಗೆ. ಕಬ್ಬಿಣ ಬಾಳಿಕೆ ಬಂತು.

ಕಳೆದ ಮಳೆಗಾಲದಲ್ಲಿ ಮೇಸ್ತ್ರಿ ಫೋನ್ ಮಾಡಿದ್ದರು. ಕೆಲಸ ಬಿಟ್ಟು ವರ್ಷಗಳಾದವು, ಮಗ ಯಾರ್ಡ್‌ನಲ್ಲಿ ಕ್ರೇನ್ ಓಡಿಸುತ್ತಾನೆ. "ಭಾಯ್, ಮತ್ತೆ ಗ್ಯಾಸ್ ಚೆನ್ನಾಗಿ ಬರ್ತಾ ಇದೆಯಂತೆ. ಈ ಸಲ ಎಷ್ಟು ವರ್ಷ ಬರುತ್ತದೆ?" ಎಂದು ಕೇಳಿದರು.

"ಗೋದಾವರಿ ಏನು ಹೇಳುತ್ತಾಳೆ, ಮೇಸ್ತ್ರಿ ಗಾರು?" ಎಂದೆ.

ಅವರು ನಕ್ಕು, ಈ ವರ್ಷ ಪ್ರವಾಹ ತಡವಾಯಿತು, ಪುಲಸ ಮೀನು ಬಲೆಗೆ ಬೀಳುವುದೇ ಕಡಿಮೆ, ಒಂದು ಮೀನಿಗೆ ಕೇಳುವ ಬೆಲೆಗೆ ಆಡು ತರಬಹುದು ಎಂದು ಶುರು ಮಾಡಿದರು.